ಜೈಲಿನಿಂದ ಹೊರಬಂದ ಮೊದಲ ಎರಡು ವಾರ: ಒಪಿಯಾಯ್ಡ್ ವ್ಯಸನ ಮತ್ತು ಗುಳಿಗೆಯ ಚಿಕಿತ್ಸೆ

‘ಮೂರು ತಿಂಗಳು ಒಳಗಿದ್ದ, ಚಟ ತಾನಾಗಿಯೇ ಬಿಟ್ಟುಹೋಗಿರುತ್ತದೆ.’ ಮಗ ಜಾಮೀನಿನ ಮೇಲೆ ಹೊರಬರುವ ದಿನ ಧಾರವಾಡದ ಕೇಂದ್ರ ಕಾರಾಗೃಹದ ಎದುರು ಕಾಯುವ ತಂದೆ ಹಾಕುವ ಲೆಕ್ಕ ಬಹುಮಟ್ಟಿಗೆ ಇದೇ. ಮಗ ಮೈ ತುಂಬಿಕೊಂಡಿದ್ದಾನೆ, ಕಣ್ಣು ತಿಳಿಯಾಗಿದೆ, ಹೊತ್ತು ಹೊತ್ತಿಗೆ ಉಂಡು ಮಲಗಿ ಅಭ್ಯಾಸವಾಗಿದೆ. ಲೆಕ್ಕ ತಪ್ಪು ಎಂದು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಹೆರಾಯಿನ್, ಬ್ರೌನ್ ಶುಗರ್, ಟ್ರಾಮಡಾಲ್‌ನಂತಹ ಅಫೀಮಿನ ಬಳಗದ ಮಾದಕಗಳ, ಅಂದರೆ ಒಪಿಯಾಯ್ಡ್‌ಗಳ, ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಮಾದಕವಿಲ್ಲದೆ ಕಳೆದ ಆ ಮೂರು ತಿಂಗಳೇ ಮುಂದಿನ ಎರಡು ವಾರಗಳನ್ನು ಅಪಾಯಕ್ಕೆ ದೂಡುತ್ತವೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ 1999ರಿಂದ 2003ರವರೆಗೆ ಬಿಡುಗಡೆಯಾದ 30,237 ಜನರ ದಾಖಲೆಗಳನ್ನು ಸಂಶೋಧಕರು ಸಾವಿನ ದಾಖಲೆಗಳೊಂದಿಗೆ ತಾಳೆ ಹಾಕಿ ನೋಡಿದರು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಾಧ್ಯತೆ ಆ ರಾಜ್ಯದ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚಿತ್ತು. ಮಾದಕದ ಅತಿಸೇವನೆಯಿಂದಾದ ಸಾವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದು 129 ಪಟ್ಟಾಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ಬೇರೆ ಬೇರೆ ದೇಶಗಳು ಇದೇ ಪ್ರಶ್ನೆಯನ್ನು ಕೇಳಿಕೊಂಡಿವೆ. ಸಂಖ್ಯೆ ಹೆಚ್ಚು ಕಡಿಮೆಯಾದರೂ ಮೊದಲ ಕೆಲವು ವಾರಗಳೇ ಗಂಡಾಂತರದವು ಎಂಬ ಉತ್ತರ ಬದಲಾಗಿಲ್ಲ.

ಕಾರಣ ದೇಹದೊಳಗೇ ಇದೆ. ಒಪಿಯಾಯ್ಡ್‌ಗಳು ನೋವನ್ನು ತಗ್ಗಿಸುತ್ತವೆ, ಹಿತವೆನಿಸುವಂತೆ ಮಾಡುತ್ತವೆ, ಜೊತೆಗೆ ಮಿದುಳಿನ ಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನೂ ಮಂದಗೊಳಿಸುತ್ತವೆ. ದಿನವೂ ತೆಗೆದುಕೊಳ್ಳುವವನ ನರಕೋಶಗಳು ಇದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತವೆ. ಹೊಸಬನನ್ನು ಕೊಲ್ಲಬಲ್ಲ ಪ್ರಮಾಣವನ್ನು ಹಳಬ ನುಂಗಿಯೂ ನಡೆದಾಡುತ್ತಾನೆ. ಇದು ಸಹಿಷ್ಣುತೆ. ಮಾದಕ ನಿಂತ ಕೆಲವೇ ವಾರಗಳಲ್ಲಿ ಈ ಸಹಿಷ್ಣುತೆ ಕರಗುತ್ತದೆ. ಹಂಬಲ ಮಾತ್ರ ಅಷ್ಟು ಬೇಗ ಕರಗುವುದಿಲ್ಲ. ಹೊರಗೆ ಬಂದವನ ಕೈಗೆ ಹಳೆಯ ಪ್ರಮಾಣ ನೆನಪಿರುತ್ತದೆ, ಅವನ ಉಸಿರಾಟದ ಕೇಂದ್ರ ಅದನ್ನು ಮರೆತಿರುತ್ತದೆ. ಬಿಡುಗಡೆಯ ಖುಷಿಗೆಂದು ಗೆಳೆಯರು ಕುಡಿಸಿದ ಮದ್ಯವೋ, ನಿದ್ದೆಗೆಂದು ನುಂಗಿದ ಆಲ್‌ಪ್ರಜೋಲಾಮ್ ಗುಳಿಗೆಯೋ ಜೊತೆಗೂಡಿದರೆ ಉಸಿರು ನಿಲ್ಲಲು ಇನ್ನೂ ಸಣ್ಣ ಪ್ರಮಾಣ ಸಾಕು.

ಹುಬ್ಬಳ್ಳಿ-ಧಾರವಾಡದಲ್ಲಿ ಮಾದಕ ಎಂದರೆ ಪತ್ರಿಕೆ ಓದುವವರಿಗೆ ಮೊದಲು ನೆನಪಾಗುವುದು ಗಾಂಜಾ. ಗಾಂಜಾ ಒಪಿಯಾಯ್ಡ್ ಅಲ್ಲ. ಒಪಿಯಾಯ್ಡ್ ವ್ಯಸನಕ್ಕೆಂದು ಮುಂದೆ ಹೇಳುವ ಮೂರು ಔಷಧಗಳು ಗಾಂಜಾಕ್ಕೆ ನಾಟುವುದಿಲ್ಲ. ಮದ್ಯದ ಚಿಕಿತ್ಸೆಯೂ ಬೇರೆಯದು, ಇವುಗಳಲ್ಲಿ ನಾಲ್ಟ್ರೆಕ್ಸೋನ್ ಒಂದನ್ನು ಮಾತ್ರ ಅಲ್ಲಿಯೂ ಬಳಸುತ್ತಾರೆ. ಹಾಗೆಂದು ಒಪಿಯಾಯ್ಡ್ ಪಂಜಾಬಿನವರ ತಲೆನೋವು, ನಮ್ಮದಲ್ಲ ಎಂದುಕೊಳ್ಳುವುದೂ ತಪ್ಪು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೊಂದು ಒಪಿಯಾಯ್ಡ್ ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನರ ಬಳಕೆ ತೊಂದರೆಯ ಮಟ್ಟ ಮುಟ್ಟಿದೆ. ಬಳಸುವವರ ಪ್ರಮಾಣದಲ್ಲಿ ಹೆರಾಯಿನ್ ಮೊದಲು (ಶೇ 1.14), ಅದರ ಬೆನ್ನಿಗೇ ಔಷಧ ರೂಪದ ಒಪಿಯಾಯ್ಡ್‌ಗಳು (ಶೇ 0.96), ನಂತರ ಅಫೀಮು. ನಮ್ಮ ಕಡೆ ಅಷ್ಟಾಗಿ ಯಾರೂ ಅನುಮಾನಿಸದ ದಾರಿ ಆ ಎರಡನೆಯದು. ನೋವಿನ ಗುಳಿಗೆ, ಕೊಡೀನ್ ಬೆರೆತ ಕೆಮ್ಮಿನ ಸಿರಪ್, ನೋವಿನ ಚುಚ್ಚುಮದ್ದು ಎಲ್ಲವೂ ಅದರೊಳಗೆ ಬರುತ್ತವೆ. ನೋವಿನ ಗುಳಿಗೆಯಾದ ಟ್ರಾಮಡಾಲ್ ಅನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದದ್ದೇ 2018ರಲ್ಲಿ.

ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಬ್ಯಾಡಗಿ ಕಡೆಯ ಹಳ್ಳಿಯವನು, ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ. ಚೀಲ ಹೊತ್ತು ಸೊಂಟ ಹಿಡಿದಾಗ ಯಾರೋ ಕೊಟ್ಟ ಗುಳಿಗೆ ನೋವನ್ನೂ ಹಾರಿಸಿತು, ಮನಸ್ಸನ್ನೂ ಹಗುರ ಮಾಡಿತು. ಒಂದು ಎರಡಾಯಿತು, ಎರಡು ಎಂಟಾಯಿತು. ಗುಳಿಗೆ ಸಿಗದ ದಿನ ಮೂಗು ಸೋರುವುದು, ಮೈಯೆಲ್ಲ ನುಲಿಯುವುದು. ಮುಂದೆ ದುಡ್ಡಿಗಾಗಿ ಬೈಕು ಕದ್ದು ಸಿಕ್ಕಿಬಿದ್ದ, ನ್ಯಾಯಾಂಗ ಬಂಧನಕ್ಕೆ ಹೋದ. ಅವನ ಮೇಲಿರುವುದು ಕಳ್ಳತನದ ಪ್ರಕರಣ, ಕಾಗದದಲ್ಲಿ ಎಲ್ಲಿಯೂ ಒಪಿಯಾಯ್ಡ್ ಎಂಬ ಹೆಸರಿಲ್ಲ. ಒಳಗೆ ಹೋದ ಮೊದಲ ದಿನ ಯಾರಾದರೂ ಕೇಳಿದರಷ್ಟೇ ವಿಷಯ ಹೊರಬೀಳುತ್ತದೆ.

ಕೇಳದಿದ್ದರೂ ದೇಹ ಹೇಳುತ್ತದೆ. ಮಾದಕ ನಿಂತ ಹನ್ನೆರಡು ಗಂಟೆಯ ಆಚೀಚೆ ಆಕಳಿಕೆ ಶುರುವಾಗುತ್ತದೆ, ಕಣ್ಣಿನಲ್ಲಿ ಮೂಗಿನಲ್ಲಿ ನೀರು, ಮೈಮೇಲೆ ಗುಳ್ಳೆಯಂತೆ ನಿಂತ ರೋಮ, ಅಗಲಿಸಿದ ಕಣ್ಣಿನ ಪಾಪೆ. ಆಮೇಲೆ ವಾಂತಿ, ಭೇದಿ, ಕೀಲು ಕೀಲಿನಲ್ಲಿ ನೋವು, ಒಂದು ಕ್ಷಣ ಸುಮ್ಮನೆ ಕೂರಲಾಗದ ಚಡಪಡಿಕೆ. ಹೆರಾಯಿನ್‌ನಲ್ಲಾದರೆ ಎರಡನೆಯ, ಮೂರನೆಯ ದಿನ ಇದು ತುದಿ ಮುಟ್ಟಿ ವಾರದೊಳಗೆ ಇಳಿಯುತ್ತದೆ. ಜೀವಕ್ಕೆ ಎರವಾಗುವುದು ಅಪರೂಪ, ಆದರೆ ಭೇದಿ ವಾಂತಿಯಿಂದ ನೀರಿನಂಶ ಹೋಗಿ ನಿಶ್ಶಕ್ತರಾಗಿ ಸಾಯುವವರೂ ಇದ್ದಾರೆ. ‘ನಾಟಕ ಮಾಡುತ್ತಿದ್ದಾನೆ’ ಎಂದು ಬಿಟ್ಟುಬಿಡುವ ಸಂಗತಿ ಇದಲ್ಲ. ವಾರ ಕಳೆದ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕಾಯಿಲೆ ಮುಗಿಯಿತೆಂದು ತಿಳಿಯುವುದು ಇಲ್ಲಿಯೇ. ಹೋದದ್ದು ವಿಷದ ಹಿಡಿತ, ಉಳಿದದ್ದು ವ್ಯಸನ.

ಮೂರು ಔಷಧಗಳು

ಒಪಿಯಾಯ್ಡ್ ವ್ಯಸನಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುಖ್ಯ ಔಷಧಗಳು ಮೂರು. ಇವುಗಳಲ್ಲಿ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಹೆಚ್ಚು ಪ್ರಸ್ತುತವಾದದ್ದು ಬುಪ್ರೆನಾರ್ಫಿನ್. ಇದೂ ಒಪಿಯಾಯ್ಡೇ, ಅರ್ಧ ಬಲದ್ದು. ನರಕೋಶದ ಮೇಲೆ ಒಪಿಯಾಯ್ಡ್ ಬಂದು ಕೂರುವ ಗ್ರಾಹಕಗಳಿವೆ. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದವರಿಗೆ ಇದರ ಕೆಲಸ ತಕ್ಷಣ ಅರ್ಥವಾಗುತ್ತದೆ. ಬುಪ್ರೆನಾರ್ಫಿನ್ ಆ ಸೀಟಿಗೆ ಬಿದ್ದ ಟವೆಲ್. ಮೇಲಿಂದ ಹೆರಾಯಿನ್ ಬಂದರೂ ಕೂರಲು ಜಾಗವಿರುವುದಿಲ್ಲ. ಹೆರಾಯಿನ್‌ಗಿಂತ ಬಿಗಿಯಾಗಿ ಗ್ರಾಹಕವನ್ನು ಹಿಡಿದುಕೊಳ್ಳುವ ಗುಣ ಇದಕ್ಕಿದೆ. ಜೊತೆಗೆ ಪ್ರಮಾಣ ಎಷ್ಟೇ ಹೆಚ್ಚಿಸಿದರೂ ಉಸಿರಾಟವನ್ನು ಮಂದಗೊಳಿಸುವ ಇದರ ಪರಿಣಾಮ ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಮದ್ಯ ಮತ್ತು ನಿದ್ದೆಗುಳಿಗೆಗಳ ಜೊತೆ ಸೇರಿದರೆ ಮಾತ್ರ ಆ ಭರವಸೆ ಉಳಿಯುವುದಿಲ್ಲ. ಒಮ್ಮೆ ತೆಗೆದುಕೊಂಡರೆ ಒಂದು ದಿನ, ಕೆಲವರಲ್ಲಿ ಅದಕ್ಕೂ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ.

ಇದನ್ನು ನುಂಗುವಂತಿಲ್ಲ. ನುಂಗಿದರೆ ಬಹುಪಾಲನ್ನು ಯಕೃತ್ತು ಕೆಡಿಸಿಬಿಡುತ್ತದೆ. ಒಂದು ಗುಟುಕು ನೀರಿನಿಂದ ಬಾಯಿ ತೇವ ಮಾಡಿಕೊಂಡು, ನಾಲಗೆಯ ಕೆಳಗೆ ಇಟ್ಟುಕೊಂಡು, ಮಾತಾಡದೆ, ಉಗುಳು ನುಂಗದೆ ಐದರಿಂದ ಹತ್ತು ನಿಮಿಷ ಕೂರಬೇಕು. ಕಹಿ ನಾಲಗೆಯ ಬುಡದಿಂದ ಗಂಟಲಿಗೆ ಇಳಿಯುತ್ತದೆ, ಬಾಯಿ ತುಂಬ ಉಗುಳು ತುಂಬಿಕೊಳ್ಳುತ್ತದೆ, ನುಂಗಿಬಿಡೋಣ ಎನಿಸುತ್ತದೆ. ನೋಡಿಕೊಳ್ಳುವ ನರ್ಸ್ ಕೊನೆಯಲ್ಲಿ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಾರೆ. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಹಲ್ಲು ಹಾಳಾಗುವ ದೂರುಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಈ ಎಚ್ಚರಿಕೆ ಕೊಟ್ಟರು. ಸಾಮಾನ್ಯವಾಗಿ ದಿನಕ್ಕೆ 4ರಿಂದ 16 ಮಿಲಿಗ್ರಾಂ ನಡುವಿನ ಪ್ರಮಾಣ ಸಾಕಾಗುತ್ತದೆ, ಎಷ್ಟೆಂಬುದು ವೈದ್ಯರ ತೀರ್ಮಾನ. ಹಲವು ಕಡೆ ಇದಕ್ಕೆ ನಾಲೊಕ್ಸೋನ್ ಎಂಬ ಎರಡನೆಯ ಔಷಧವನ್ನು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ನಾಲಗೆಯ ಕೆಳಗೆ ನಾಲೊಕ್ಸೋನ್ ಹೆಚ್ಚು ಹೀರಲ್ಪಡುವುದಿಲ್ಲ. ಯಾರಾದರೂ ಗುಳಿಗೆ ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಅದು ಎಚ್ಚೆತ್ತು ನಶೆಯನ್ನು ಕೆಡಿಸುತ್ತದೆ.

ಆರಂಭಿಸುವ ಹೊತ್ತು ತಪ್ಪಿದರೆ ಮಾತ್ರ ಪಜೀತಿ. ರಕ್ತದಲ್ಲಿ ಹೆರಾಯಿನ್ ಇನ್ನೂ ಇರುವಾಗಲೇ ಬುಪ್ರೆನಾರ್ಫಿನ್ ಕೊಟ್ಟರೆ ಅದು ಪೂರ್ಣಬಲದ ಮಾದಕವನ್ನು ಎಬ್ಬಿಸಿ ತಾನು ಕೂರುತ್ತದೆ. ಆಗ ವಾರದಲ್ಲಿ ಬರಬೇಕಾದ ಸಂಕಟವೆಲ್ಲ ಒಂದೇ ಗಂಟೆಯಲ್ಲಿ ಬರುತ್ತದೆ. ಆದ್ದರಿಂದ ಕೊನೆಯ ಸೇವನೆಯ ನಂತರ ಸಾಮಾನ್ಯವಾಗಿ 12ರಿಂದ 24 ಗಂಟೆ ಕಾದು, ಲಕ್ಷಣಗಳು ಸ್ಪಷ್ಟವಾಗಿ ಕಂಡ ಮೇಲೆ ಸಣ್ಣ ಪ್ರಮಾಣದಿಂದ ತೊಡಗುತ್ತಾರೆ. ಯಾರದೋ ಗುಳಿಗೆಯನ್ನು ಕೇಳಿ ಪಡೆದು ತಾನೇ ಚಿಕಿತ್ಸೆ ಮಾಡಿಕೊಂಡವರು ‘ಈ ಔಷಧ ನನಗೆ ಆಗಿಬರಲಿಲ್ಲ’ ಎಂದು ದೂರುವುದು ಹೆಚ್ಚಾಗಿ ಇದರಿಂದಲೇ.

ಮೆಥಡೋನ್ ಪೂರ್ಣಬಲದ್ದು, ದ್ರವರೂಪದಲ್ಲಿ ಕುಡಿಸುತ್ತಾರೆ. ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ನ್ಯೂಯಾರ್ಕ್‌ನಲ್ಲಿ 1965ರಲ್ಲಿ ಇದರ ಫಲಿತಾಂಶ ಪ್ರಕಟಿಸಿದಂದಿನಿಂದ ಹೆಚ್ಚು ಪರೀಕ್ಷೆಗೆ ಒಳಗಾದ ಔಷಧ ಇದು. ಭಾರತಕ್ಕೆ ಬಂದದ್ದು 2012ರಲ್ಲಿ, ಪಂಜಾಬಿನ ಕಪೂರ್ತಲಾದಲ್ಲಿ. ಪ್ರಮಾಣ ತಪ್ಪಿದರೆ ಇದೇ ಜೀವ ತೆಗೆಯಬಲ್ಲದು, ಹೃದಯದ ಬಡಿತದ ಲಯದ ಮೇಲೂ ಕಣ್ಣಿಡಬೇಕು.

ಮೂರನೆಯ ನಾಲ್ಟ್ರೆಕ್ಸೋನ್ ಒಪಿಯಾಯ್ಡೇ ಅಲ್ಲ. ಗ್ರಾಹಕವನ್ನು ಮುಚ್ಚಿಬಿಡುತ್ತದೆ, ತಾನು ಏನನ್ನೂ ಕೊಡುವುದಿಲ್ಲ. ಮೈಯಲ್ಲಿ ಒಪಿಯಾಯ್ಡ್ ಇಲ್ಲದೆ ಏಳರಿಂದ ಹತ್ತು ದಿನ ಕಳೆದಿರಬೇಕೆಂಬುದು ಇದರ ಷರತ್ತು. ಹೊರಗಿನವರಿಗೆ ಈ ಷರತ್ತೇ ದೊಡ್ಡ ಗೋಡೆ. ಜೈಲಿನಲ್ಲಿ ತಿಂಗಳು ಕಳೆದವನು ಅದನ್ನು ಆಗಲೇ ದಾಟಿರುತ್ತಾನೆ. ಹಾಗಾಗಿ ಅಮೆರಿಕದಲ್ಲಿ ಬಿಡುಗಡೆಯವರಿಗೆ ತಿಂಗಳಿಗೊಮ್ಮೆ ಕೊಡುವ 380 ಮಿಲಿಗ್ರಾಂ ಚುಚ್ಚುಮದ್ದಿನ ಮೇಲೆ ತುಂಬ ಆಸೆಯಿತ್ತು. 2016ರಲ್ಲಿ ಪ್ರಕಟವಾದ, ಅಪರಾಧ ಪ್ರಕರಣಗಳ ಹಿನ್ನೆಲೆಯಿದ್ದ 308 ಜನರ ಮೇಲಿನ ಪ್ರಯೋಗದಲ್ಲಿ 24 ವಾರಗಳೊಳಗೆ ಚುಚ್ಚುಮದ್ದು ಪಡೆದವರಲ್ಲಿ ಶೇ 43 ಮಂದಿ, ಪಡೆಯದವರಲ್ಲಿ ಶೇ 64 ಮಂದಿ ಮತ್ತೆ ಮಾದಕಕ್ಕೆ ಮರಳಿದರು. ಚಿಕಿತ್ಸೆ ನಿಲ್ಲಿಸಿ ವರ್ಷದ ನಂತರ ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ದಿನಕ್ಕೊಂದು ನುಂಗುವ 50 ಮಿಲಿಗ್ರಾಂ ಗುಳಿಗೆಯನ್ನು ಜನ ಬೇಗ ಬಿಟ್ಟುಬಿಡುತ್ತಾರೆ. ಬಿಟ್ಟವನಿಗೆ ಸಹಿಷ್ಣುತೆ ಸೊನ್ನೆ. ದಿನವೂ ಎದುರು ಕೂತು ಗುಳಿಗೆ ಕೊಡುವ ತಾಯಿಯೋ ಹೆಂಡತಿಯೋ ಇದ್ದಾಗ ಇದು ನಡೆಯಬಹುದು. ಇಲ್ಲದಿದ್ದರೆ ನನ್ನ ಮತ ಬುಪ್ರೆನಾರ್ಫಿನ್‌ಗೆ.

‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುತ್ತೀರಾ?’

ಈ ಪ್ರಶ್ನೆ ಕೇಳದ ಮನೆಯಿಲ್ಲ, ಕೇಳದ ಜೈಲು ಅಧಿಕಾರಿಯೂ ಕಡಿಮೆ. ಪ್ರಶ್ನೆ ನ್ಯಾಯವಾದದ್ದೇ. ಬುಪ್ರೆನಾರ್ಫಿನ್ ತೆಗೆದುಕೊಳ್ಳುವವನ ದೇಹ ಅದನ್ನು ಅವಲಂಬಿಸಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಸಂಕಟವಾಗುತ್ತದೆ. ಇದನ್ನು ಮುಚ್ಚಿಡಬಾರದು. ಆದರೆ ಅವಲಂಬನೆಯೇ ವ್ಯಸನವಲ್ಲ. ವ್ಯಸನವೆಂದರೆ ಗುಳಿಗೆಗಾಗಿ ಬೈಕು ಕದಿಯುವುದು, ದಿನಕ್ಕೆ ನಾಲ್ಕು ಬಾರಿ ಏರಿ ಇಳಿಯುವುದು, ಕೆಲಸಕ್ಕೆ ಹೋಗಲಾಗದಿರುವುದು. ಸರಿಯಾದ ಪ್ರಮಾಣದ ಬುಪ್ರೆನಾರ್ಫಿನ್ ಮೇಲೆ ಇರುವವನು ಬೆಳಿಗ್ಗೆ ಒಮ್ಮೆ ಔಷಧ ತೆಗೆದುಕೊಂಡು ಎಪಿಎಂಸಿಗೆ ಹೋಗಿ ಚೀಲ ಹೊರುತ್ತಾನೆ. ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ವೈದ್ಯರಿಗೂ ಇದನ್ನು ಬರೆಯಲು ಬಿಟ್ಟರು. 1995ರಿಂದ 1999ರ ನಡುವೆ ಅಲ್ಲಿ ಅತಿಸೇವನೆಯ ಸಾವುಗಳು ಶೇ 79ರಷ್ಟು ಇಳಿದವು.

ಎಷ್ಟು ದಿನ ಎಂಬುದು ಮುಂದಿನ ಪ್ರಶ್ನೆ. ಹದಿನೈದು ದಿನದ ‘ಕೋರ್ಸ್’ ಇದಕ್ಕಿಲ್ಲ. ತಿಂಗಳುಗಟ್ಟಲೆ, ಹಲವರಿಗೆ ವರ್ಷಗಟ್ಟಲೆ. ಬೇಗ ನಿಲ್ಲಿಸಿದವರಲ್ಲಿ ಬಹಳಷ್ಟು ಜನ ಮರಳಿ ಹಳೆಯದಕ್ಕೆ ಹೋಗುತ್ತಾರೆ. ಮಾತುಕತೆಯ ಚಿಕಿತ್ಸೆ, ಕುಟುಂಬದ ಸಲಹೆ, ಕೆಲಸ ಎಲ್ಲವೂ ಬೇಕು. ಆದರೆ ಅವು ಸಿಗುವವರೆಗೆ ಗುಳಿಗೆಯನ್ನು ತಡೆಹಿಡಿಯುವುದು ಸರಿಯಲ್ಲ.

ಜೈಲಿನಲ್ಲಿ ಆರಂಭಿಸಿದರೆ

ಇಂಗ್ಲೆಂಡಿನಲ್ಲಿ ಒಪಿಯಾಯ್ಡ್ ವ್ಯಸನವಿದ್ದ 15,141 ಕೈದಿಗಳನ್ನು ಬಿಡುಗಡೆಯ ನಂತರ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಮೇಲಿದ್ದುಕೊಂಡೇ ಹೊರಬಂದವರಲ್ಲಿ ಮೊದಲ ನಾಲ್ಕು ವಾರಗಳ ಸಾವು, ಔಷಧವಿಲ್ಲದೆ ಬಂದವರಿಗಿಂತ ಶೇ 75ರಷ್ಟು ಕಡಿಮೆಯಿತ್ತು. ಮೊದಲ ತಿಂಗಳು ದಾಟಿದ ಮೇಲೆ ಅಷ್ಟು ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಜೈಲಿನಲ್ಲಿ ಕೊಟ್ಟ ಔಷಧ ಸೇತುವೆಯ ಅರ್ಧ ಮಾತ್ರ, ಉಳಿದರ್ಧ ಹೊರಗಿನ ಆಸ್ಪತ್ರೆಯದು. ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ 2016ರಲ್ಲಿ ತನ್ನ ಜೈಲು ವ್ಯವಸ್ಥೆಯಲ್ಲಿ ಮೂರೂ ಔಷಧಗಳನ್ನು ಕೊಡತೊಡಗಿತು, ಹೊರಗಿನ ಚಿಕಿತ್ಸಾ ಕೇಂದ್ರಗಳ ಜೊತೆ ಕೊಂಡಿಯನ್ನೂ ಹಾಕಿತು. 2016ರ ಮೊದಲ ಆರು ತಿಂಗಳಲ್ಲಿ ಅತಿಸೇವನೆಯಿಂದ ಸತ್ತವರಲ್ಲಿ 26 ಮಂದಿ ಇತ್ತೀಚೆಗೆ ಜೈಲಿನಿಂದ ಬಂದವರಾಗಿದ್ದರು, 2017ರ ಅದೇ ಅವಧಿಯಲ್ಲಿ 9 ಮಂದಿ.

ಭಾರತಕ್ಕೆ ಇದು ಪರಕೀಯ ವಿದ್ಯೆಯಲ್ಲ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಬುಪ್ರೆನಾರ್ಫಿನ್ ಚಿಕಿತ್ಸೆ ಆರಂಭವಾಯಿತು. ಪಂಜಾಬ್ 2017ರಿಂದ ಹೊರರೋಗಿ ಚಿಕಿತ್ಸಾಲಯಗಳ ಜಾಲ ಕಟ್ಟಿ ಜೈಲುಗಳಿಗೂ ವಿಸ್ತರಿಸಿತು.

ಜೈಲಿನವರ ದೊಡ್ಡ ಆತಂಕ ಗುಳಿಗೆ ಕೈಬದಲಾಗುವುದು. ಬಾಯಲ್ಲಿ ಅಡಗಿಸಿ ತಂದು ಬ್ಯಾರಕಿನಲ್ಲಿ ಮಾರುವುದು ಹಲವು ದೇಶಗಳಲ್ಲಿ ನಡೆದಿದೆ. ಅದಕ್ಕೆ ಉತ್ತರವೂ ಇದೆ: ಗುಳಿಗೆ ಪುಡಿ ಮಾಡಿ ಕೊಡುವುದು, ಕರಗುವವರೆಗೆ ಎದುರು ಕೂರಿಸುವುದು, ಬಾಯಿ ನೋಡುವುದು. ಆಸ್ಟ್ರೇಲಿಯಾದ ಜೈಲುಗಳಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಬುಪ್ರೆನಾರ್ಫಿನ್ ಚುಚ್ಚುಮದ್ದು ಬಂದ ಮೇಲೆ ಅಡಗಿಸುವುದಕ್ಕೆ ಏನೂ ಉಳಿದಿಲ್ಲ. ಹತ್ತು ನಿಮಿಷ ಎದುರು ಕೂರಲು ಸಿಬ್ಬಂದಿ ಬೇಕು, ನಿಜ. ಆದರೆ ಸಿಬ್ಬಂದಿ ಕೊರತೆಯ ಮಾತನ್ನು ಔಷಧವೇ ಕೆಟ್ಟದ್ದು ಎಂಬ ಮಾತಾಗಿ ಬದಲಿಸುವುದು ಪ್ರಾಮಾಣಿಕವಲ್ಲ.

ಒಳಗೆ ತಿಂಗಳುಗಟ್ಟಲೆ ಇದ್ದು ಸಹಿಷ್ಣುತೆ ಕಳೆದುಕೊಂಡವನಿಗೆ ಬುಪ್ರೆನಾರ್ಫಿನ್ ಕೊಡಬಹುದೇ? ಕೊಡಬಹುದು, ಆದರೆ ಹಳೆಯ ಪ್ರಮಾಣವನ್ನಲ್ಲ. ಬಿಡುಗಡೆಗೆ ಮೊದಲು ತೀರ ಸಣ್ಣ ಪ್ರಮಾಣದಿಂದ ತೊಡಗಿ ನಿಧಾನವಾಗಿ ಏರಿಸುತ್ತಾರೆ. ಇನ್ನೊಂದು ಎಚ್ಚರ ಕ್ಷಯದ ಔಷಧದ್ದು. ಜೈಲುಗಳಲ್ಲಿ ಕ್ಷಯ ಹೆಚ್ಚು. ಅದಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಎರಡನ್ನೂ ಬೇಗ ಕರಗಿಸಿಬಿಡುತ್ತದೆ. ಪ್ರಮಾಣ ಸರಿಮಾಡದಿದ್ದರೆ ರೋಗಿ ನಡುಗುತ್ತಾ ‘ಔಷಧ ಸಾಲುತ್ತಿಲ್ಲ’ ಎನ್ನುತ್ತಾನೆ, ಕೇಳುವವರು ದುರಾಸೆ ಎಂದುಕೊಳ್ಳುತ್ತಾರೆ.

ಬಿಡುಗಡೆಯ ದಿನಾಂಕವೇ ಇಲ್ಲದ ಬಿಡುಗಡೆ

ವಿದೇಶದ ಮಾದರಿಗಳು ನಮ್ಮಲ್ಲಿ ಮುಗ್ಗರಿಸುವುದು ಇಲ್ಲಿ. ಶಿಕ್ಷೆ ಅನುಭವಿಸುವವನಿಗೆ ಬಿಡುಗಡೆಯ ದಿನಾಂಕ ಗೊತ್ತಿರುತ್ತದೆ, ಹಿಂದಿನ ತಿಂಗಳಿನಿಂದ ತಯಾರಿ ಮಾಡಬಹುದು. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇ 75.8ರಷ್ಟು ವಿಚಾರಣಾಧೀನ ಕೈದಿಗಳು. ಅವರ ಬಿಡುಗಡೆ ಜಾಮೀನು ಆದೇಶದ ಮೇಲೆ ನಿಂತಿದೆ, ಆದೇಶ ಯಾವಾಗ ಬರುತ್ತದೆಂದು ವಕೀಲರಿಗೂ ಖಚಿತವಿಲ್ಲ. ಸಂಜೆ ಹೆಸರು ಕೂಗುತ್ತಾರೆ, ಬಟ್ಟೆ ಗಂಟು ಕಟ್ಟಿಕೊಂಡು ಬಂದರೆ ಮುಗಿಯಿತು. ಆ ಹೊತ್ತಿಗೆ ಔಷಧದ ಕೋಣೆಗೆ ಬೀಗ ಬಿದ್ದಿರಬಹುದು.

ಹಾಗಾಗಿ ನಮ್ಮ ಜೈಲುಗಳಲ್ಲಿ ‘ಬಿಡುಗಡೆಗೆ ಮೊದಲಿನ ತಯಾರಿ’ ಒಳಗೆ ಬಂದ ಮೊದಲ ವಾರವೇ ಆರಂಭವಾಗಬೇಕು. ಚಿಕಿತ್ಸೆಯ ಚೀಟಿ, ಈಗಿನ ಪ್ರಮಾಣ, ಮುಂದೆ ಹೋಗಬೇಕಾದ ಆಸ್ಪತ್ರೆಯ ಹೆಸರು ಮೊದಲೇ ಬರೆದಿಟ್ಟಿರಬೇಕು, ವಾರಕ್ಕೊಮ್ಮೆ ಅದನ್ನು ತಿದ್ದಬೇಕು. ಇನ್ನೊಂದು ಅವಕಾಶವನ್ನು ಯಾರೂ ಬಳಸುತ್ತಿಲ್ಲ ಎನಿಸುತ್ತದೆ. ಜಾಮೀನು ಆದೇಶವಾದ ತಕ್ಷಣ ಬಡವನು ಹೊರಬರುವುದಿಲ್ಲ. ಜಾಮೀನುದಾರ ಬೇಕು, ಊರಿನಿಂದ ಪಹಣಿ ತರಬೇಕು, ನ್ಯಾಯಾಲಯ ಅದನ್ನು ಒಪ್ಪಬೇಕು. ಬ್ಯಾಡಗಿ ಕಡೆಯ ಹಮಾಲಿಗಾಗಿ ಹೊಲ ಅಡವಿಡುವ ನೆಂಟ ಸಿಗಲು ದಿನಗಳೇ ಹಿಡಿಯುತ್ತವೆ. ಸುಪ್ರೀಂ ಕೋರ್ಟಿನ 2023ರ ನಿರ್ದೇಶನದಂತೆ ಜಾಮೀನು ಆದೇಶದ ಪ್ರತಿ ಇಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ತಲುಪಬೇಕು. ಅಂದರೆ ಆದೇಶವಾದದ್ದು ಜೈಲಿಗೆ ಗೊತ್ತಾಗುತ್ತದೆ, ಮನುಷ್ಯ ಇನ್ನೂ ಒಳಗೇ ಇರುತ್ತಾನೆ. ಜೈಲಿನ ವೈದ್ಯರಿಗೂ ಅದೇ ಇಮೇಲ್‌ನ ಒಂದು ಪ್ರತಿ ಹೋದರೆ ಸಾಕು, ಪಹಣಿಗಾಗಿ ಕಾಯುವ ದಿನಗಳು ಚಿಕಿತ್ಸೆಯ ದಿನಗಳಾಗುತ್ತವೆ.

ಹೊರಗೆ ಬಂದವನು ಎಲ್ಲಿಗೆ ಹೋಗಬೇಕು? ಧಾರವಾಡದಲ್ಲಿ ಕೇಂದ್ರ ಕಾರಾಗೃಹವೂ ಇದೆ, 1845ರಲ್ಲಿ ಮಾನಸಿಕ ಆಸ್ಪತ್ರೆಯಾಗಿ ಆರಂಭವಾಗಿ ಈಗ ಡಿಮ್ಹಾನ್ಸ್ ಎಂದು ಹೆಸರಾದ ಸಂಸ್ಥೆಯೂ ಇದೆ. ಒಂದೇ ಊರಿನಲ್ಲಿ ಎರಡೂ ಇರುವುದು ಸಣ್ಣ ಅನುಕೂಲವಲ್ಲ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂದು ಕರೆಯುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಗದಗ ಮತ್ತು ಹಾವೇರಿಯಲ್ಲೂ ಈಗ ವೈದ್ಯಕೀಯ ಕಾಲೇಜುಗಳಿವೆ. ಬುಪ್ರೆನಾರ್ಫಿನ್ ಮನಃಪರಿಣಾಮಿ ಔಷಧವೆಂದು ಎನ್‌ಡಿಪಿಎಸ್ ಕಾಯ್ದೆಯಡಿ ನಿಯಂತ್ರಣದಲ್ಲಿದೆ. ವ್ಯಸನ ಚಿಕಿತ್ಸೆಯ ಗುಳಿಗೆ ಮೂಲೆಯ ಔಷಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ಚೀಟಿ ಬರೆಯುವಾಗಲೇ ‘ಮುಂದಿನ ಗುಳಿಗೆ ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಸಿಗುತ್ತದೆ?’ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ‘ಜಿಲ್ಲಾ ಆಸ್ಪತ್ರೆಗೆ ಹೋಗು’ ಎಂಬ ಒಂದು ಸಾಲು ಏನನ್ನೂ ಹೇಳಿದಂತಾಗುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ, ದೂರದ ಊರಿನವರಿಗೆ ಅದು ನೆರವಾದೀತು.

ಬಸ್ ಚಾರ್ಜಿನ ಮಾತೂ ಸಣ್ಣದಲ್ಲ. ಹಾವೇರಿ ಕಡೆಯಿಂದ ಧಾರವಾಡಕ್ಕೆ ಬಂದುಹೋಗಲು ಒಂದು ದಿನದ ಕೂಲಿ ಬಿಡಬೇಕು, ಟಿಕೆಟ್ಟಿಗೂ ಕೊಡಬೇಕು. ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಬರುವ ತಾಯಿಗೆ ಪ್ರಯಾಣ ಉಚಿತ, ರೋಗಿಯಾದ ಮಗನಿಗೆ ಟಿಕೆಟ್. ವಾರಕ್ಕಾಗುವಷ್ಟು ಗುಳಿಗೆಯನ್ನು ಮನೆಗೆ ಕೊಡುವುದೋ ದಿನವೂ ಬರಹೇಳುವುದೋ ಎಂಬ ತೀರ್ಮಾನವನ್ನು ವೈದ್ಯರು ರೋಗಿಯ ಸ್ಥಿರತೆಯ ಜೊತೆ ಈ ಲೆಕ್ಕವನ್ನೂ ನೋಡಿಯೇ ಮಾಡಬೇಕಾಗುತ್ತದೆ.

ಕಾನೂನಿನ ಬಾಗಿಲುಗಳು

ಎನ್‌ಡಿಪಿಎಸ್ ಕಾಯ್ದೆಯನ್ನು ಶಿಕ್ಷೆಗೆಂದೇ ತಿಳಿದವರಿಗೆ ಅದರ 64ಎ ಕಲಂ ಅಚ್ಚರಿ ತರುತ್ತದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ, ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ವಿನಾಯಿತಿ ಹಿಂದಕ್ಕೆ ಹೋಗಬಹುದು. 39ನೇ ಕಲಂ ಪ್ರಕಾರ ಅಂಥ ಅಪರಾಧ ಸಾಬೀತಾದವನನ್ನು ಜೈಲಿಗೆ ಕಳಿಸುವ ಬದಲು, ಅವನ ಒಪ್ಪಿಗೆಯ ಮೇಲೆ, ಚಿಕಿತ್ಸೆಗೆ ಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಹೆರಾಯಿನ್‌ನಲ್ಲಿ ಸಣ್ಣ ಪ್ರಮಾಣವೆಂದರೆ 5 ಗ್ರಾಂ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮಾದಕ ವ್ಯಸನದ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ, ಕೈದಿಗಳ ಚಿಕಿತ್ಸೆಗೆ ಪ್ರತ್ಯೇಕ ಕಲಂ ಇಟ್ಟಿದೆ. ನಮ್ಮ ಹಮಾಲಿಯ ಪ್ರಕರಣ ಕಳ್ಳತನದ್ದಾದ್ದರಿಂದ 64ಎ ಅವನಿಗೆ ಒದಗುವುದಿಲ್ಲ, ಆದರೆ ಚಿಕಿತ್ಸೆ ಕೇಳುವ ಹಕ್ಕು ಹೋಗುವುದಿಲ್ಲ. ವಕೀಲರಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100.

ಮನೆಯವರು ತಿಳಿದಿರಬೇಕಾದದ್ದು

ಹೊರಬಂದ ಮೊದಲ ವಾರಗಳಲ್ಲಿ ಅವನನ್ನು ಕೋಣೆಯಲ್ಲಿ ಒಬ್ಬನೇ ಬಾಗಿಲು ಹಾಕಿಕೊಳ್ಳಲು ಬಿಡಬೇಡಿ. ವಿಚಿತ್ರವಾದ ಗೊರಕೆ ಕೇಳಿಸಿದರೆ ‘ಪಾಪ, ದಣಿದಿದ್ದಾನೆ’ ಎಂದು ಸುಮ್ಮನಾಗಬೇಡಿ. ತಟ್ಟಿದರೂ ಏಳದಿರುವುದು, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾಗುವುದು, ತುಟಿ ಉಗುರು ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಅತಿಸೇವನೆಯ ಲಕ್ಷಣಗಳು. 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಮುಖಕ್ಕೆ ನೀರೆರಚುವುದು, ಉಪ್ಪುನೀರು ಕುಡಿಸುವುದು ಬೇಡ. ಏನು ತೆಗೆದುಕೊಂಡಿದ್ದಾನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಆಸ್ಪತ್ರೆಯಲ್ಲಿ ಕೊಡುವ ನಾಲೊಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಆದರೆ ಅದರ ಪರಿಣಾಮ ಅರ್ಧದಿಂದ ಒಂದೂವರೆ ಗಂಟೆ ಮಾತ್ರ. ಎದ್ದು ಕೂತನೆಂದು ಮನೆಗೆ ಕರೆತಂದರೆ ಮಾದಕ ಮತ್ತೆ ಮೇಲುಗೈ ಪಡೆಯಬಹುದು. ಸಲಹೆಗೆ ವ್ಯಸನ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416.

ಗುಳಿಗೆ ತಪ್ಪಿದ ದಿನಗಳ ಬಗ್ಗೆಯೂ ತಿಳಿದಿರಬೇಕು. ಒಂದು ದಿನ ತಪ್ಪಿದರೆ ಮರುದಿನ ಎಂದಿನ ಪ್ರಮಾಣ, ಒಂದರ ಬದಲು ಎರಡಲ್ಲ. ಮೆಥಡೋನ್ ಸತತ ಮೂರು ದಿನ ತಪ್ಪಿದರೆ ವೈದ್ಯರು ಪ್ರಮಾಣ ಇಳಿಸಿ ಮತ್ತೆ ಏರಿಸಬೇಕಾಗುತ್ತದೆ, ಬುಪ್ರೆನಾರ್ಫಿನ್ ವಾರದಷ್ಟು ತಪ್ಪಿದರೂ ಹಾಗೆಯೇ. ನಡುವೆ ಹೆರಾಯಿನ್ ಅಥವಾ ನೋವಿನ ಗುಳಿಗೆ ತೆಗೆದುಕೊಂಡಿದ್ದರೆ ಆ ತಕ್ಷಣ ಬುಪ್ರೆನಾರ್ಫಿನ್ ಇಟ್ಟುಕೊಳ್ಳಬಾರದು, ಸಂಕಟದ ಲಕ್ಷಣಗಳು ಕಾಣುವವರೆಗೆ ಕಾಯಬೇಕು. ತಪ್ಪಿದ್ದಕ್ಕೆ ಬೈಗುಳ ತಿನ್ನಬೇಕಾದೀತೆಂದು ಆಸ್ಪತ್ರೆಗೆ ಹೋಗುವುದನ್ನೇ ಬಿಡುವವರು ಬಹಳ. ಚೀಟಿಯಲ್ಲಿ ‘ತಪ್ಪಿದರೂ ಬನ್ನಿ’ ಎಂದು ಬರೆದುಕೊಡುವುದಕ್ಕೆ ಖರ್ಚೇನೂ ಇಲ್ಲ.